ತಲೆಯ ಮೇಲಿನ ಗೂಬೆ

ಕಣ್ಣು ಒಂದು ಸಲ ಮಿಟುಕಬೇಕಾದರೆ ಏಳು ಹಾಳೆ ಬೇಕು. ತೆರೆದ ಕಣ್ಣಿನದೊಂದು, ಮುಚ್ಚಿದ ಕಣ್ಣಿನದೊಂದು, ನಡುವೆ ಐದು. ಮೊದಲ ಹಾಳೆಯನ್ನೂ ಕೊನೆಯ ಹಾಳೆಯನ್ನೂ ಬರೆಯುವವರು ದೊಡ್ಡವರು, ಅವರ ಹೆಸರು ಪರದೆಯ ಮೇಲೆ ಬರುತ್ತದೆ. ನಡುವಿನ ಐದು ಹಾಳೆ ಬರೆಯುವವರಿಗೆ ನಡುನೋವು ಬರುತ್ತದೆ.

ಕಾರ್ಟೂನ್ ಕಂಪನಿಯಲ್ಲಿ ಇಂಥವರು ಹನ್ನೊಂದು ಜನ ಕೂರುತ್ತಿದ್ದ ಕೋಣೆಗೆ ‘ನಡುಮನೆ’ ಎಂದೇ ಹೆಸರು ಬಿದ್ದಿತ್ತು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರು. ಪ್ರತಿ ಮೇಜಿನ ನಡುವೆ ಒಂದು ಗಾಜು, ಗಾಜಿನ ಕೆಳಗೆ ದೀಪ. ಆ ದೀಪದ ಬೆಳಕಿನಲ್ಲಿ ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಕಾಣುತ್ತದೆ, ಅದಕ್ಕಿಂತ ಕೂದಲೆಳೆಯಷ್ಟು ಆಚೆ ಇನ್ನೊಂದು ಗೆರೆ ಎಳೆಯಬೇಕು. ಬೇಸಿಗೆಯಲ್ಲಿ ಮುಖ ಕೆಳಗಡೆಯಿಂದ ಬೇಯುತ್ತಿತ್ತು. ಮೇಜಿನ ಮೇಲೆ ಪೆನ್ಸಿಲ್ಲಿನ ಜೊತೆ ಒಂದು ಪುಟ್ಟ ಕನ್ನಡಿಯೂ ಇರುತ್ತಿತ್ತು, ಸಿಂಗಾರಕ್ಕಲ್ಲ. ಕೋಳಿ ಆಕಳಿಸುವ ಚಿತ್ರ ಬರೆಯಬೇಕಾದವನು ಮೊದಲು ತಾನು ಆಕಳಿಸಿ ಕನ್ನಡಿಯಲ್ಲಿ ನೋಡಿಕೊಳ್ಳಬೇಕು. ಹೊರಗಿನವರು ಯಾರಾದರೂ ಬಾಗಿಲು ತೆಗೆದರೆ ಹನ್ನೊಂದು ಜನ ತಮ್ಮ ತಮ್ಮ ಕನ್ನಡಿಗೆ ಹಲ್ಲು ಕಿರಿಯುತ್ತಲೋ ಮೂತಿ ಉಬ್ಬಿಸುತ್ತಲೋ ಇರುವುದು ಕಂಡು, ಬಾಗಿಲು ಮುಚ್ಚಿಕೊಂಡು ಹೋಗುತ್ತಿದ್ದರು.

ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಗ. ಒಬ್ಬನಿಗೆ ಬಾಲ, ಒಬ್ಬಳಿಗೆ ರೆಕ್ಕೆ, ಮೂಲೆಯವನಿಗೆ ಬರೀ ಹೆಜ್ಜೆ. ನಮ್ಮ ಕಥೆಯ ಹೆಂಗಸಿಗೆ ಸಿಕ್ಕಿದ್ದು ರೆಪ್ಪೆ. ಇಪ್ಪತ್ತೆಂಟು ವರ್ಷ ಅವಳು ಗೂಬೆ, ನರಿ, ಆಮೆ, ಪೊಲೀಸು ಎಂಬ ಭೇದವಿಲ್ಲದೆ ಎಲ್ಲರ ಕಣ್ಣೂ ಮುಚ್ಚಿಸಿ ತೆರೆಸಿದಳು. ಹಾಗಾಗಿ ಎಲ್ಲರಿಗೂ ಅವಳು ರೆಪ್ಪೆಯಕ್ಕ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಮನೆಯಲ್ಲಿ ಗಂಡ ದರ್ಜಿ. ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಬೇರೆಯವರ ಪ್ಯಾಂಟು ಮೋಟು ಮಾಡುವುದು, ಸಡಿಲ ಮಾಡುವುದು ಅವನ ಕಸುಬು. ಒಳಗಿನ ಕೋಣೆಯಲ್ಲಿ ಅತ್ತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಈ ಮನೆಯಲ್ಲಿ ಸೊಸೆಯ ಕಾಲ ಇನ್ನೂ ದಾರಿಯಲ್ಲೇ ಇತ್ತು. ಸೊಸೆಯ ಸಾರಿನಲ್ಲಿ ಉಪ್ಪು, ಮಡಿಸಿದ ಬಟ್ಟೆಯ ಅಂಚು, ಬಾಗಿಲು ಹಾಕುವ ಸದ್ದು, ಒಂದೂ ಅತ್ತೆಗೆ ಸರಿಬಂದದ್ದಿಲ್ಲ. ಕೆಲಸದ ಮಾತು ಬಂದರಂತೂ ಮುಗಿದೇ ಹೋಯಿತು. ದಿನವಿಡೀ ಕೂತು ಗೂಬೆಯ ಕಣ್ಣು ಮುಚ್ಚಿಸಿ ಬರುವುದೂ ಒಂದು ಕೆಲಸವೇ, ಗೂಬೆಗೆ ತಾನಾಗಿ ಮುಚ್ಚಲು ಬರುವುದಿಲ್ಲವೇ ಎಂದು ಮುದುಕಿ ಬಂದವರನ್ನೆಲ್ಲ ಕೇಳುತ್ತಿದ್ದಳು. ಸೊಸೆಯನ್ನು ಹೆಸರು ಹಿಡಿದು ಕರೆದದ್ದೂ ಇಲ್ಲ. ‘ಏ ಇವಳೇ’ ಎಂದರೆ ರೆಪ್ಪೆಯಕ್ಕ ಓಗೊಡಬೇಕು.

ಈಗ ಗೂಬೆಯ ವಿಷಯಕ್ಕೆ ಬರೋಣ.

ರೆಪ್ಪೆಯಕ್ಕ ಕೆಲಸಕ್ಕೆ ಸೇರಿದ ವರ್ಷವೇ ಕಂಪನಿ ಒಂದು ಗೂಬೆಮರಿಯ ಕಾರ್ಟೂನು ಶುರುಮಾಡಿತು. ತೆರೆದ ಕಣ್ಣು, ಮುಚ್ಚಿದ ಕಣ್ಣು ಕಂಪನಿಯ ಯಜಮಾನರು ಬರೆದರು, ನಡುವಿನದನ್ನು ಈಕೆ ಬರೆದಳು. ಅವಳಿಗೆ ಚಿಕ್ಕಂದಿನಲ್ಲಿ ಬಾಗಿಲ ಚಿಲಕ ತಗುಲಿ ಎಡರೆಪ್ಪೆಗೆ ಮೂರು ಹೊಲಿಗೆ ಬಿದ್ದಿದ್ದವು. ಅಂದಿನಿಂದ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಕ್ಷಣ ಮೊದಲೇ ಮುಚ್ಚುತ್ತದೆ, ಅದು ಅವಳಿಗೇ ಗೊತ್ತಿರಲಿಲ್ಲ. ಕನ್ನಡಿ ನೋಡಿದಳು, ಕಂಡದ್ದನ್ನು ಬರೆದಳು. ಗೂಬೆಯೂ ಒಂದು ಕಣ್ಣು ಮೊದಲು ಮುಚ್ಚಿ, ಏನೋ ಯೋಚಿಸಿದ ಹಾಗೆ ಇನ್ನೊಂದನ್ನು ಆಮೇಲೆ ಮುಚ್ಚಿತು.

ಕಾರ್ಟೂನು ಕೊಳ್ಳಬೇಕಿದ್ದ ಟೀವಿಯವರು ಗೂಬೆಗೆ ಏನಾಗಿದೆ, ಪಾರ್ಶ್ವವಾಯುವೇ ಎಂದು ಕೇಳಿ ಕಾಗದ ಬರೆದರು. ಯಜಮಾನರು ಗಡಗಡ ನಡುಗಿದರು. ಟೀವಿಯವರ ಕಡೆಯ ಮನುಷ್ಯ ವಿಚಾರಣೆಗೆ ಬರುವಷ್ಟರಲ್ಲಿ ಗೂಬೆಯನ್ನು ಕೂರಿಸಲು ಒಂದು ತಲೆ ಬೇಕಿತ್ತು, ಹೊಸದಾಗಿ ಸೇರಿದವಳ ತಲೆ ಹತ್ತಿರದಲ್ಲೇ ಸಿಕ್ಕಿತು. ಅವಳಿಂದ ತಪ್ಪೊಪ್ಪಿಗೆ ಬರೆಸಿಕೊಂಡರು. ಒಕ್ಕಣೆ ಯಜಮಾನರದೇ, ಅಕ್ಷರ ಅವಳದು:

“ಗೂಬೆಮರಿಯ ಒಂದು ಕಣ್ಣು ಮೊದಲು ಮುಚ್ಚುವುದು ಸಂಪೂರ್ಣವಾಗಿ ನನ್ನ ತಪ್ಪು. ನನ್ನ ಎಡರೆಪ್ಪೆಗೆ ಹೊಲಿಗೆ ಬಿದ್ದಿದೆ. ಕನ್ನಡಿ ನೋಡಿ ಬರೆದದ್ದರಿಂದ ನನ್ನ ಎಡಗಣ್ಣು ಗೂಬೆಗೆ ಬಲಗಣ್ಣಾಗಿದೆ. ಯಜಮಾನರು ಇದನ್ನು ಯೋಚಿಸಿಲ್ಲ, ಹೇಳಿಲ್ಲ, ಬರೆದಿಲ್ಲ.”

ಕೆಳಗೆ ಯಜಮಾನರು ತಮ್ಮ ಕೈಯಾರೆ, “ಓದಿದ್ದೇನೆ. ನಿಜ. ಈ ರೆಪ್ಪೆಗಳಿಗೂ ನನಗೂ ಯಾವ ಸಂಬಂಧವೂ ಇಲ್ಲ” ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದರು. ಜಾಗ್ರತೆಯ ಮನುಷ್ಯ, ಎರಡು ಪ್ರತಿ ಮಾಡಿಸಿ ಎರಡಕ್ಕೂ ಸಹಿ ಹಾಕಿ ಒಂದನ್ನು ಅವಳಿಗೇ ಕೊಟ್ಟರು. ರೆಪ್ಪೆಯಕ್ಕ ಅದನ್ನು ತಂದು ಹಳೆಯ ಪೆನ್ಸಿಲ್ಲುಗಳ ತಗಡಿನ ಡಬ್ಬಿಯ ತಳದಲ್ಲಿಟ್ಟು, ಡಬ್ಬಿಯನ್ನು ಅಟ್ಟಕ್ಕೆ ಏರಿಸಿದಳು. ಮದುವೆಯಾಗಿ ಆರು ತಿಂಗಳೂ ಆಗಿರಲಿಲ್ಲ. ಸೊಸೆ ಕೆಲಸದಲ್ಲಿ ತಪ್ಪು ಮಾಡಿ ಬರೆದುಕೊಟ್ಟಿದ್ದಾಳೆ ಎಂದು ಅತ್ತೆಗೆ ಗೊತ್ತಾದರೆ ಆ ಮನೆಯಲ್ಲಿ ಇನ್ನು ಬಾಳುವಂತಿಲ್ಲ ಎಂದು ಅವಳು ಹೆದರಿದ್ದಳು. ಆ ಹೆದರಿಕೆ ಕಾಗದದಷ್ಟೇ ದಿನ ಬಾಳಿಕೆ ಬಂತು.

ಅಷ್ಟರಲ್ಲಿ ಟೀವಿಯವರು ಪರೀಕ್ಷೆಗೆಂದು ತೋರಿಸಿದ ಕಾರ್ಟೂನು ನೋಡಿದ ಮಕ್ಕಳು ಗೂಬೆಯ ಕಣ್ಣಿಗೆ ಬಿದ್ದು ಬಿದ್ದು ನಕ್ಕರು. ಶಾಲೆಗಳಲ್ಲಿ ಮೇಷ್ಟರಿಗೆ ಒಂದೊಂದೇ ಕಣ್ಣು ಮುಚ್ಚಿ ತೋರಿಸಿ ಏಟು ತಿಂದರು. ಟೀವಿಯವರು ರೆಪ್ಪೆಯನ್ನು ಯಾವ ಕಾರಣಕ್ಕೂ ಸರಿಮಾಡಕೂಡದು ಎಂದು ಇನ್ನೊಂದು ಕಾಗದ ಬರೆದರು. ನಡುಮನೆಯ ಉಳಿದ ಹತ್ತೂ ಜನ ರೆಪ್ಪೆಯಕ್ಕನ ಮುಖ ನೋಡಿ ತಪ್ಪು ಕಲಿತರು. ಗೂಬೆ ಮೆಲ್ಲಗೆ ಅವಳ ತಲೆಯಿಂದ ಹಾರಿ ಯಜಮಾನರ ಭುಜದ ಮೇಲೆ ಹೋಗಿ ಕೂತಿತು. ಹತ್ತು ವರ್ಷದಲ್ಲಿ ಯಜಮಾನರು ‘ಗುರುಗಳು’ ಆದರು. ಗುರುಗಳಾದ ಮೇಲೆ ಅವರು ಪೆನ್ಸಿಲ್ ಹಿಡಿದದ್ದು ಫೋಟೋ ತೆಗೆಸಿಕೊಳ್ಳುವಾಗ ಮಾತ್ರ. ಯಾರದೋ ಕೈ ಕೆಸರು, ಯಾರದೋ ಬಾಯಿ ಮೊಸರು.

ರೆಪ್ಪೆಯಕ್ಕ ನಿವೃತ್ತಳಾದ ಎರಡು ವರ್ಷಕ್ಕೆ ಊರಿಗೆ ಅಂತರರಾಷ್ಟ್ರೀಯ ವ್ಯಂಗ್ಯಚಿತ್ರ ಮತ್ತು ಅನಿಮೇಷನ್ ಉತ್ಸವ ಬಂತು. ಮೂರು ದಿನ, ಏಳು ಸಮಿತಿ. ಆಮಂತ್ರಣದ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಗುರುಗಳ ಸಂದರ್ಶನವಿತ್ತು. ಅವರಿಗೆ ಜೀವಮಾನದ ಗೌರವವಂತೆ, ಅದೂ ಆ ರೆಪ್ಪೆಗಾಗಿ. ಸೃಷ್ಟಿಯ ಅಪೂರ್ಣತೆಯನ್ನು ಕುರಿತು ತಾವು ಬಹಳ ಕಾಲ ಚಿಂತಿಸಿದ್ದಾಗಿಯೂ, ಒಂದು ಬೆಳಗ್ಗೆ ಹೃದಯವಿರುವ ಕಡೆಯ ಕಣ್ಣು, ಅಂದರೆ ಎಡಗಣ್ಣು, ಮೊದಲು ಮುಚ್ಚಬೇಕೆಂದು ಹೊಳೆದದ್ದಾಗಿಯೂ ಗುರುಗಳು ಹೇಳಿದ್ದರು. ಪಕ್ಕದಲ್ಲಿ ಏಳು ಹಾಳೆಗಳ ಚಿತ್ರ, ಅಡಿಯಲ್ಲಿ ‘ಗುರುಗಳ ಕೈಯಿಂದ’. ಆಮಂತ್ರಣದ ಕೊನೆಯ ಸಾಲಿನಲ್ಲಿ, ನಡುಮನೆಯ ಹಳೆಯ ಸಿಬ್ಬಂದಿ ಹಿಂದಿನ ಸಾಲುಗಳಲ್ಲಿ ಕೂತು ಚಪ್ಪಾಳೆಗೆ ಒದಗಬೇಕೆಂಬ ಕೋರಿಕೆ.

ರೆಪ್ಪೆಯಕ್ಕ ಅದನ್ನು ಎರಡು ಸಲ ಓದಿದಳು. ಮೈ ಉರಿದುಹೋಯಿತು. ಹೆಸರು ಹಾಕದಿದ್ದದ್ದಕ್ಕೆ ಅವಳು ಎಂದೂ ಬೇಸರಪಟ್ಟವಳಲ್ಲ. ನಡುವಿನವರ ಹೆಸರು ಎಲ್ಲಿಯೂ ಹಾಕುವುದಿಲ್ಲ. ಆದರೆ ಇದು ಅವಳ ಮುಖ. ಚಿಲಕ ತಗುಲಿದ್ದು ಅವಳ ಕಣ್ಣಿಗೆ, ಅತ್ತದ್ದು ಅವಳು. ಅದನ್ನು ಇವರು ಒಂದು ಬೆಳಗ್ಗೆ ಹೊಳೆಯಿತು ಅನ್ನುತ್ತಾರೆ!

“ಹೊಲಿಗೆ ಕಾಣಿಸಬಾರದು, ಅದೇ ಒಳ್ಳೇ ದರ್ಜಿಯ ಗುರುತು,” ಎಂದ ಗಂಡ, ಯಂತ್ರ ತುಳಿಯುತ್ತಲೇ.

“ಕಾಣಿಸದಿದ್ರೆ ಬೇಡ ರೀ. ಅದನ್ನ ಇನ್ಯಾರೋ ಹೊಲಿದೆ ಅಂದ್ರೆ?”

ದರ್ಜಿ ಯಂತ್ರ ನಿಲ್ಲಿಸಿದ.

ಆ ವಾರವೇ ಉತ್ಸವದ ಸಂಚಾಲಕ ಫೋನು ಮಾಡಿದ. ಗುರುಗಳ ಪ್ರದರ್ಶನಕ್ಕೆಂದು ಒಂದು ಗಾಜಿನ ಪೆಟ್ಟಿಗೆ ಮಾಡಿಸಿದ್ದಾರೆ, ಆ ಏಳು ಹಾಳೆ ಬಿಟ್ಟರೆ ಒಳಗಿಡಲು ಏನೂ ಇಲ್ಲ, ಹಳೆಯ ಸಿಬ್ಬಂದಿಯ ಹತ್ತಿರ ಗುರುಗಳಿಗೆ ಸಂಬಂಧಪಟ್ಟದ್ದು ಏನಿದ್ದರೂ ತಂದುಕೊಡಬೇಕು. ಪೆನ್ಸಿಲ್ಲಾದರೂ ಆದೀತು, ಅವರು ಚಹಾ ಕುಡಿದ ಲೋಟವಾದರೂ ಆದೀತು.

ರೆಪ್ಪೆಯಕ್ಕ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿದಳು. ಕಾಗದ ಹಳದಿಯಾಗಿತ್ತು, ಮೊಹರು ಮಾತ್ರ ಇನ್ನೂ ಗಟ್ಟಿಯಾಗಿತ್ತು. ಇದನ್ನು ಹೊರಗೆ ತೆಗೆದರೆ ರೆಪ್ಪೆ ಯಾರದೆಂದು ಗೊತ್ತಾಗುತ್ತದೆ. ಜೊತೆಗೆ ಅತ್ತೆಗೂ ಗೊತ್ತಾಗುತ್ತದೆ. ಹೊರಗೆ ತೆಗೆಯದಿದ್ದರೆ ಅವಳು ಸಾಯುವ ತನಕ ಕನ್ನಡಿಯಲ್ಲಿ ಗುರುಗಳ ಕಣ್ಣು ನೋಡಿಕೊಳ್ಳಬೇಕು. ಒಳಗಿನ ಕೋಣೆಯಿಂದ, “ಏ ಇವಳೇ, ಅಟ್ಟದಲ್ಲಿ ಏನೇ ಸದ್ದು?” ಎಂದು ಕೇಳಿತು. ಇಲಿ ಎಂದಳು ರೆಪ್ಪೆಯಕ್ಕ. ಮರುದಿನ ಕಾಗದವನ್ನು ಚೀಲದಲ್ಲಿಟ್ಟುಕೊಂಡು ಹೊರಟಳು.

ಸಂಚಾಲಕನ ಕೊರಳಲ್ಲಿ ಮೂರು ಗುರುತಿನ ಚೀಟಿ ನೇತಾಡುತ್ತಿದ್ದವು, ಕಿವಿಯಲ್ಲಿ ಒಂದು ಫೋನು, ಕೈಯಲ್ಲಿ ಇನ್ನೊಂದು. ರೆಪ್ಪೆಯಕ್ಕ ಮೋಸ ಮಾಡುವವಳಲ್ಲ. ಒಮ್ಮೆ ಓದಿ ನೋಡಿ ಎಂದು ಅವಳೇ ಹೇಳಿದಳು. ಅವನು ಕಾಗದದ ತಳ ನೋಡಿದ.

“ಗುರುಗಳ ಸಹಿ ಇದೆ, ಮೊಹರು ಇದೆ. ಇನ್ನೇನು ಬೇಕು ಮೇಡಂ?”

“ಮೇಲ್ಗಡೆ ಏನಿದೆ ಅಂತ...”

“ಹಳೇ ಕಾಗದ ಅಂದ್ರೆ ಹಳೇದಾಗಿ ಕಂಡ್ರೆ ಸಾಕು ಮೇಡಂ. ಯಾರು ಓದ್ತಾರೆ?”

ಹೀಗೆ ಕಾಗದ ಗಾಜಿನೊಳಗೆ ಹೋಯಿತು, ‘ಗುರುಗಳ ಹಸ್ತಾಕ್ಷರವಿರುವ ಅಪರೂಪದ ಪತ್ರ’ ಎಂಬ ಚೀಟಿಯೊಂದಿಗೆ. ಗಾಜಿನೊಳಗಿನ ಪ್ರತಿಯೊಂದಕ್ಕೂ ಅನುವಾದ ಇರಬೇಕೆಂಬುದು ನಿಯಮ, ಆದ್ದರಿಂದ ಉತ್ಸವದ ಅನುವಾದಕ ಅದನ್ನು ತೀರ್ಪುಗಾರರ ಭಾಷೆಗೆ ಅಕ್ಷರ ಬಿಡದೆ ಅನುವಾದಿಸಿ ಪಕ್ಕದಲ್ಲಿಟ್ಟ. ಅವನು ಯಾರಿಗೂ ಏನೂ ಹೇಳಲಿಲ್ಲ. ಅನುವಾದ ಮಾಡುವುದು ಅವನ ಕೆಲಸ, ಆಶ್ಚರ್ಯಪಡುವುದು ಬೇರೆ ಸಮಿತಿಯ ಕೆಲಸ.

ಉತ್ಸವ ನಡೆಯಿತು ಅನ್ನುವುದಕ್ಕಿಂತ ಉತ್ಸವವನ್ನು ನಡೆಸಿದರು ಅನ್ನಬೇಕು. ಬಾಗಿಲಲ್ಲಿ ಎರಡಾಳೆತ್ತರದ ಗಾಳಿ ತುಂಬಿದ ಗೂಬೆಯನ್ನು ನಿಲ್ಲಿಸಿದ್ದರು. ಅದಕ್ಕೆಲ್ಲೋ ತೂತು. ಮಧ್ಯಾಹ್ನದ ಹೊತ್ತಿಗೆ ಸೊಂಟ ಬಾಗಿ ಬಂದವರ ಮೇಲೆಯೇ ಒರಗುತ್ತಿತ್ತು. ‘ನಗೆಯ ಭವಿಷ್ಯ’ ಎಂಬ ಗೋಷ್ಠಿಯಲ್ಲಿ ಐದು ಜನ ಗಂಟುಮುಖದವರು ಎರಡು ಗಂಟೆ ಮಾತಾಡಿದರು. ನಗೆಗೆ ಭವಿಷ್ಯವಿಲ್ಲವೆಂದು ಕೇಳಿದವರಿಗೆಲ್ಲ ಖಾತ್ರಿಯಾಯಿತು. ‘ಮಗುವಿನ ಮನಸ್ಸು’ ಎಂಬ ಗೋಷ್ಠಿಗೆ ಮಕ್ಕಳಿಗೆ ಪ್ರವೇಶವಿರಲಿಲ್ಲ. ಎಲ್ಲರಿಗೂ ಒಂದೊಂದು ಚೀಲ, ಚೀಲದಲ್ಲಿ ಒಂದು ಖಾಲಿ ಪುಸ್ತಕ, ಆ ಪುಸ್ತಕ ಖಾಲಿಯಾಗಿಯೇ ಮನೆಗೆ ಹೋಯಿತು.

ಮೂರನೆಯ ದಿನ ಗೌರವ ಸಮಾರಂಭ. ಅತ್ತೆಯನ್ನು ಕರೆತರಬೇಕೆಂದು ರೆಪ್ಪೆಯಕ್ಕ ಅಂದುಕೊಂಡಿರಲಿಲ್ಲ. ಮುದುಕಿಗೆ ಹೊಸದಾಗಿ ಕಣ್ಣಿನ ಪೊರೆ ತೆಗೆಸಿದ್ದರು, ಎಲ್ಲವನ್ನೂ ನೋಡಿ ತಪ್ಪು ಹುಡುಕುವ ಹುಮ್ಮಸ್ಸು ಬಂದಿತ್ತು. ಗಂಡ ಬೆಳಗ್ಗೆಯೇ ಅಮ್ಮನಿಗೆ ಒಳ್ಳೆಯ ಸೀರೆ ಉಡಲು ಹೇಳಿಬಿಟ್ಟಿದ್ದ. ಹಿಂದಿನಿಂದ ಮೂರನೆಯ ಸಾಲಿನಲ್ಲಿ ಮೂವರೂ ಕೂತರು. ಕಾಗದವನ್ನು ಯಾರೂ ಓದಿರಲಾರರು ಎಂದು ರೆಪ್ಪೆಯಕ್ಕನಿಗೆ ಒಂದು ಮನಸ್ಸು, ಒಬ್ಬರಾದರೂ ಓದಿರಲಿ ಎಂದು ಇನ್ನೊಂದು ಮನಸ್ಸು.

ಗುರುಗಳು ನಲವತ್ತು ನಿಮಿಷ ಮಾತಾಡಿದರು. ಹೃದಯ, ಎಡಗಣ್ಣು, ಸೃಷ್ಟಿ, ಅಪೂರ್ಣತೆ ಎಲ್ಲ ಬಂತು. ಆಮೇಲೆ ಸ್ಮರಣಿಕೆ ಕೊಡಲು ಹೊರದೇಶದ ತೀರ್ಪುಗಾರ್ತಿಯನ್ನು ಕರೆದರು. ಕತ್ತರಿಸಿದ ಬಿಳಿಗೂದಲಿನ, ಸಣ್ಣಗೆ ಗೂನು ಬಿದ್ದ ಹೆಂಗಸು. ತಾನು ಈ ಕಸುಬಿನಲ್ಲಿ ಮೊದಲ ಹನ್ನೆರಡು ವರ್ಷ ನಡುವಿನ ಹಾಳೆ ಬರೆದವಳು, ಬೆನ್ನೇ ಅದಕ್ಕೆ ಸಾಕ್ಷಿ ಎಂದಳು. ಅನುವಾದಕ ಅದನ್ನು ಕನ್ನಡದಲ್ಲಿ ಹೇಳಿದ. ಆಮೇಲೆ ಅವಳು ಪರದೆಯ ಮೇಲೆ ಗೂಬೆಯನ್ನು ತೋರಿಸಲು ಹೇಳಿ, ಮೊದಲು ಮುಚ್ಚುವುದು ಯಾವ ಕಣ್ಣು ಎಂದು ಗುರುಗಳನ್ನು ಕೇಳಿದಳು.

“ಎಡಗಣ್ಣು. ಹೃದಯದ ಕಡೆಯದು,” ಎಂದರು ಗುರುಗಳು.

ಹಾಗಾದರೆ ನಿಮ್ಮ ಎಡಗೈಯನ್ನು ಸ್ವಲ್ಪ ಎತ್ತಿ ಎಂದಳು ಅವಳು. ಗುರುಗಳು ನಗುತ್ತ ಎತ್ತಿದರು. ಅವರೂ ಸಭೆಯ ಕಡೆ ಮುಖ ಮಾಡಿದ್ದರು, ಅವರ ಹಿಂದೆ ಪರದೆಯ ಮೇಲೆ ಗೂಬೆಯೂ ಸಭೆಯ ಕಡೆಯೇ ಮುಖ ಮಾಡಿತ್ತು. ಗುರುಗಳ ಕೈ ಒಂದು ಕಡೆ, ಗೂಬೆ ಮುಚ್ಚಿದ ಕಣ್ಣು ಇನ್ನೊಂದು ಕಡೆ. ಸಭೆ ಅದನ್ನು ಕಂಡಿತು. ಗುರುಗಳು ಬೆನ್ನ ಹಿಂದಿನದು ಕಾಣದೆ ಕೈ ಎತ್ತಿಕೊಂಡೇ ನಿಂತಿದ್ದರು. ಮೂರು ದಿನಗಳ ಉತ್ಸವದಲ್ಲಿ ಜನ ಮೊದಲ ಬಾರಿಗೆ ನಕ್ಕರು.

ಇದು ಹೇಗಾಯಿತು ಎಂಬುದು ಹೊರಗೆ ಗಾಜಿನ ಪೆಟ್ಟಿಗೆಯಲ್ಲಿದೆ ಎಂದಳು ತೀರ್ಪುಗಾರ್ತಿ. ಅನುವಾದಕನ ಜೇಬಿನಲ್ಲಿ ಕಾಗದದ ಪ್ರತಿ ಇತ್ತು. ಓದು ಎಂದು ಸಭೆಯವರು ಕೂಗಿದರು, ಅವನು ಓದಿದ. ಸಂಪೂರ್ಣವಾಗಿ ನನ್ನ ತಪ್ಪು. ಕನ್ನಡಿ. ಹೊಲಿಗೆ. ಯೋಚಿಸಿಲ್ಲ, ಹೇಳಿಲ್ಲ, ಬರೆದಿಲ್ಲ. ಕೊನೆಗೆ ಗುರುಗಳ ಷರಾ: ಈ ರೆಪ್ಪೆಗಳಿಗೂ ನನಗೂ ಯಾವ ಸಂಬಂಧವೂ ಇಲ್ಲ. ಬರೆದವಳ ಹೆಸರನ್ನು ಮಾತ್ರ ಅವನು ಓದಲಿಲ್ಲ, ಸಹಿ ಸ್ಪಷ್ಟವಾಗಿಲ್ಲ ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಸಣ್ಣ ಕಳ್ಳರು. ಗುರುಗಳು ಹೆಗಲನ್ನೂ ಮುಟ್ಟಲಿಲ್ಲ. ಮೈಕು ಹತ್ತಿರ ಎಳೆದುಕೊಂಡು ಶಾಂತವಾಗಿ ಹೇಳಿದರು.

“ಹೌದು, ತಪ್ಪಾಗಿದ್ದಾಗ ಅದು ಅವರದು. ಸರಿ ಅಂತ ಆದಮೇಲೆ ಕಂಪನಿದು. ಇದರಲ್ಲಿ ಮುಚ್ಚುಮರೆ ಏನಿದೆ?”

ಮುಂದಿನ ಎರಡು ಸಾಲುಗಳಲ್ಲಿ ಬೇರೆ ಬೇರೆ ದೇಶಗಳ ಕಂಪನಿ ಯಜಮಾನರು ಕೂತಿದ್ದರು. ಅವರೆಲ್ಲ ತಲೆದೂಗಿದರು. ಅಧ್ಯಕ್ಷರು ಎದ್ದು, ಸತ್ಯಕ್ಕೆ ಹಲವು ಮುಖಗಳು, ಎಲ್ಲರ ಕೊಡುಗೆಯೂ ದೊಡ್ಡದು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಸ್ಮರಣಿಕೆಯ ಮೇಲೆ ಗುರುಗಳ ಹೆಸರು ಆಗಲೇ ಕೆತ್ತಿಸಿ ಆಗಿತ್ತು, ಆದ್ದರಿಂದ ಅದು ಗುರುಗಳಿಗೇ ಹೋಯಿತು. ತೀರ್ಪುಗಾರ್ತಿ ಕೊಡಲಿಲ್ಲ. ಅದನ್ನು ಮೇಜಿನ ಮೇಲಿಟ್ಟು, ಬರೆದವರು ಇಲ್ಲಿದ್ದಾರೆಯೇ ಎಂದು ಕೇಳಿದಳು.

ರೆಪ್ಪೆಯಕ್ಕನಿಗೆ ಏಳಲು ಆಗಲಿಲ್ಲ. ಮುಂದೆ ಇದ್ದ ನೂರಾರು ತಲೆಗಳಿಗೆ ಅವಳು ಹೆದರಲಿಲ್ಲ, ಪಕ್ಕದಲ್ಲಿ ಕೂತ ಒಂದು ತಲೆಗೆ ಹೆದರಿದಳು. ಆ ತಲೆ ನಿಧಾನವಾಗಿ ಅವಳ ಕಡೆ ತಿರುಗಿತು. ಅತ್ತೆ ಹೊಸ ಕಣ್ಣುಗಳಿಂದ ಸೊಸೆಯ ಮುಖವನ್ನೇ ನೋಡಿದಳು. ರೆಪ್ಪೆಯಕ್ಕ ತಡೆಯಲಾರದೆ ಕಣ್ಣು ಮಿಟುಕಿಸಿದಳು. ಮೊದಲು ಎಡ, ಆಮೇಲೆ ಬಲ.

“ಏಳು,” ಎಂದಳು ಅತ್ತೆ.

ಎದ್ದಳು. ತೀರ್ಪುಗಾರ್ತಿ ವೇದಿಕೆಯಿಂದ ಇಳಿದು, ನಡುವಿನ ದಾರಿಯಲ್ಲಿ ಅಷ್ಟು ದೂರ ನಡೆದು ಬಂದು ಅವಳ ಕೈ ಹಿಡಿದುಕೊಂಡಳು. ಮಾತಿಗೆ ಭಾಷೆ ಇರಲಿಲ್ಲ. ಅನುವಾದಕ ಓಡಿ ಬರುವಷ್ಟರಲ್ಲಿ ಇಬ್ಬರೂ ತಮ್ಮ ತಮ್ಮ ನಡು ಹಿಡಿದು ತೋರಿಸಿಕೊಂಡು ನಗುತ್ತಿದ್ದರು.

ಸಭೆ ಮುಗಿದ ಮೇಲೆ ಸಂಚಾಲಕ ಗಾಜಿನ ಪೆಟ್ಟಿಗೆಯ ಹತ್ತಿರ ಬೆವರುತ್ತ ನಿಂತಿದ್ದ. ಏಳು ಹಾಳೆಗಳ ಕೆಳಗಿನ ‘ಗುರುಗಳ ಕೈಯಿಂದ’ ಎಂಬ ಚೀಟಿಯನ್ನು ತೆಗೆಯಬೇಕೆಂದು ತೀರ್ಪುಗಾರ್ತಿ ಹೇಳಿದ್ದಳು, ಆದರೆ ಹೊಸ ಚೀಟಿಯ ಒಕ್ಕಣೆಗೆ ಸಮಿತಿ ಒಪ್ಪಬೇಕು. ‘ರಚನೆ’ ಎಂದು ಹಾಕಿದರೆ ಗುರುಗಳಿಗೆ ನೋವು. ‘ಸಹಾಯ’ ಎಂದರೆ ತೀರ್ಪುಗಾರ್ತಿ ಬಿಡುವುದಿಲ್ಲ. ಕೊನೆಗೆ ದಾಖಲೆಯಲ್ಲಿ ಏನಿದೆಯೋ ಅದನ್ನೇ ಹಾಕುವುದೆಂದು ಏಳೂ ಸಮಿತಿಗಳು ಒಪ್ಪಿದ ಮೇಲೆ ಅವನು ದಪ್ಪ ಪೆನ್ನಿನಿಂದ ‘ತಪ್ಪು ಮಾಡಿದವರು’ ಎಂದು ಬರೆದು, ಮುಂದೆ ಎರಡು ಚುಕ್ಕೆ ಇಟ್ಟು ನಿಂತಿದ್ದ.

“ನಿಮ್ಮ ಹೆಸರು ಮೇಡಂ?”

ರೆಪ್ಪೆಯಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು. ಅಪ್ಪನ ಮನೆಯ ಅಕ್ಷರ, ಗಂಡನ ಮನೆಯ ಅಕ್ಷರ ಎರಡೂ ಸೇರಿಸಿ, ಒಂದೊಂದಾಗಿ, ಅವನು ತಪ್ಪು ಬರೆದಲ್ಲಿ ತಿದ್ದಿಸಿ ಹೇಳಿದಳು. ಇಷ್ಟು ವರ್ಷ ಆ ಹೆಸರು ಮುದುಕಿಯ ಬಾಯಲ್ಲಿ ಎಲ್ಲಿತ್ತೋ, ರೆಪ್ಪೆಯಕ್ಕನಿಗೆ ತಿಳಿಯಲಿಲ್ಲ. ಅವಳ ಕಣ್ಣು ತುಂಬಿ ಬಂತು.

ಅತ್ತೆ ಗಾಜಿಗೆ ಮೂಗು ತಾಗಿಸಿ ಏಳು ಹಾಳೆಗಳನ್ನೂ ನೋಡಿದಳು. ಒಂದೇ ಕಣ್ಣು ಮುಚ್ಚಿದ ಮೂರನೆಯದರ ಹತ್ತಿರ ಸ್ವಲ್ಪ ಹೊತ್ತು ನಿಂತಳು, ಸೊಸೆಯ ಮುಖ ನೋಡಿದಳು, ಮತ್ತೆ ಮೂರನೆಯದನ್ನು ನೋಡಿದಳು. ಸೊಸೆ ಬೈಗುಳಕ್ಕೆ ಕಾದಳು.

“ಇದನ್ನ ಮೂವತ್ತು ವರ್ಷ ನನ್ನ ಹತ್ರ ಮುಚ್ಚಿಟ್ಟಿದ್ದೀಯಲ್ಲೇ,” ಎಂದಳು ಅತ್ತೆ. “ಮನೇಲಿ ನೀನು ಮಾಡೋ ತಪ್ಪು ಒಂದಾದ್ರೂ ಇಷ್ಟು ಚೆನ್ನಾಗಿದೆಯಾ?”